ಬೆಟ್ಟ ಬಿಡದ ಬಸೊಥೊ ಜನ

ಲೆಸೊಥೊ ದೇಶದ ಅತಿ ತಗ್ಗಿನ ಜಾಗವೇ ಸಮುದ್ರಮಟ್ಟದಿಂದ 1,400 ಮೀಟರ್ ಮೇಲಿದೆ. ನಂದಿಬೆಟ್ಟದ ನೆತ್ತಿ ಹತ್ತಿ ನಿಂತಾಗ ನಾವು ಎಷ್ಟು ಎತ್ತರದಲ್ಲಿರುತ್ತೇವೋ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿ ಈ ದೇಶದ ನೆಲ ಶುರುವಾಗುತ್ತದೆ. ಅಲ್ಲಿಂದ ಏರುತ್ತಾ ಹೋಗಿ 3,482 ಮೀಟರಿನ ಥಾಬಾನಾ ಎನ್ಟ್ಲೆನ್ಯಾನಾ ಶಿಖರದಲ್ಲಿ ನಿಲ್ಲುತ್ತದೆ. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ತನ್ನ ಒಂದಂಗುಲ ನೆಲವೂ ಸಾವಿರ ಮೀಟರಿಗಿಂತ ಕೆಳಗಿಲ್ಲದ ಸ್ವತಂತ್ರ ದೇಶ ಜಗತ್ತಿನಲ್ಲಿ ಇದೊಂದೇ. ವಿಸ್ತೀರ್ಣ 30,355 ಚದರ ಕಿಲೋಮೀಟರ್, ಕರ್ನಾಟಕದ ಆರನೇ ಒಂದು ಪಾಲಿಗೂ ತುಸು ಕಮ್ಮಿ. ಜನ ಸುಮಾರು 23 ಲಕ್ಷ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಗಡಿ ದಾಟಿ ಕಾಲಿಡುವುದು ದಕ್ಷಿಣ ಆಫ್ರಿಕಾದಲ್ಲೇ.

ಭೂಪಟದಲ್ಲಿ ದೊಡ್ಡ ದೇಶವೊಂದರ ನಡುವೆ ಬೇರೆ ಬಣ್ಣ ಬಳಿದಿಟ್ಟ ಆ ಚಿಕ್ಕ ತುಂಡನ್ನು ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಬಂದೂಕು ಹಿಡಿದು ಬಂದ ಡಚ್ ಮೂಲದ ಬೋಯರರು, ಸಾಮ್ರಾಜ್ಯ ಕಟ್ಟಲು ಬಂದ ಬ್ರಿಟಿಷರು, ಕೊನೆಗೆ ವರ್ಣಭೇದದ ಸರ್ಕಾರ, ಇಷ್ಟೆಲ್ಲದರ ನಡುವೆ ಇದು ಯಾರ ಬಾಯಿಗೂ ಬೀಳದೆ ಹೇಗೆ ಉಳಿಯಿತು? ಆ ಪ್ರಶ್ನೆಯೇ ನನ್ನನ್ನು ಅಕ್ಟೋಬರ್‌ನಲ್ಲಿ, ಅಲ್ಲಿನ ವಸಂತ ಕಾಲದಲ್ಲಿ, ಮಸೇರುವಿನ ಸೇತುವೆಯವರೆಗೆ ಕರೆದೊಯ್ದಿತು.

ಬ್ಲೂಮ್‌ಫಾಂಟೈನ್ ಬಿಟ್ಟು ಪೂರ್ವಕ್ಕೆ ಹೊರಟರೆ ದಾರಿಯುದ್ದಕ್ಕೂ ಬಯಲು. ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳದ, ಗೋಧಿಯ ಹೊಲ, ತಂತಿ ಬೇಲಿ, ಅಲ್ಲಲ್ಲಿ ಧಾನ್ಯ ತುಂಬುವ ಎತ್ತರದ ಕಣಜ. ಲೇಡಿಬ್ರ್ಯಾಂಡ್ ಊರಿನ ಹತ್ತಿರ ಬರುತ್ತಿದ್ದಂತೆ ಎದುರಿಗೆ ಮಾಲೊಟಿ ಪರ್ವತಗಳ ನೀಲಿ ಸಾಲು ಎದ್ದು ನಿಲ್ಲುತ್ತದೆ. ಬಯಲೆಲ್ಲ ಒಬ್ಬರ ಪಾಲು, ಬೆಟ್ಟವೆಲ್ಲ ಇನ್ನೊಬ್ಬರ ಪಾಲು. ಇದು ಮೊದಲಿನಿಂದ ಹೀಗೇ ಇರಲಿಲ್ಲ. ಗಡಿಯ ಮೊಹೊಕಾರೆ ನದಿಯ ಆಚೆ ದಡದ ಬಯಲಿನಲ್ಲೂ ಒಂದು ಕಾಲಕ್ಕೆ ಲೆಸೊಥೊದ ಬಸೊಥೊ ಜನ ಉತ್ತು ಬಿತ್ತುತ್ತಿದ್ದರು. 1858ರಲ್ಲಿ ಶುರುವಾಗಿ 1868ರವರೆಗೆ ನಡೆದ ಕಾಳಗಗಳಲ್ಲಿ ಆರೆಂಜ್ ಫ್ರೀ ಸ್ಟೇಟ್‌ನ ಬೋಯರರು ಆ ನೆಲವನ್ನು ಕಿತ್ತುಕೊಂಡರು. 1869ರ ಅಲಿವಾಲ್ ನಾರ್ತ್ ಒಪ್ಪಂದ ಅದಕ್ಕೆ ಮುದ್ರೆ ಒತ್ತಿತು. ಇಂದಿಗೂ ಲೆಸೊಥೊ ತನ್ನ ಊಟದ ಬಹುಪಾಲು ಧಾನ್ಯವನ್ನು ಗಡಿಯಾಚೆಯಿಂದ ಕೊಳ್ಳುತ್ತದೆ.

ಸೇತುವೆಯ ಮೇಲೆ ವಾಹನಗಳಿಗಿಂತ ನಡೆಯುವವರೇ ಹೆಚ್ಚು. ತಲೆಯ ಮೇಲೆ ಗಂಟು ಹೊತ್ತ ಹೆಂಗಸರು, ಬೆನ್ನಿಗೆ ಕಂಬಳಿಯಲ್ಲಿ ಕೂಸು ಕಟ್ಟಿಕೊಂಡ ತಾಯಂದಿರು, ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದು ಸಂತೆಗೆ ಹೊರಟ ಹಾಗೆ ಹೊರಟವರು. ಗಡಿ ಕಚೇರಿಯ ಹೆಂಗಸು ಮೊದಲು "ದುಮೆಲಾ, ಎನ್ತಾತೆ" ಎಂದು ಕೈಮುಟ್ಟಿ ನಮಸ್ಕಾರ ಹೇಳಿ, ನಾನು ತಿರುಗಿ ಹೇಳುವವರೆಗೂ ಕಾದು, ಆಮೇಲೆ ಕಾಗದ ಕೇಳಿದರು. ಎನ್ತಾತೆ ಅಂದರೆ ತಂದೆ. ಗಂಡಸರನ್ನೆಲ್ಲ ಹೀಗೇ, ಹೆಂಗಸರನ್ನೆಲ್ಲ ತಾಯಿ ಎಂದೇ ಕರೆಯುವುದು ಅಲ್ಲಿನ ರೂಢಿ. ಮುಂದಿನ ದಿನಗಳಲ್ಲಿ ನಮಸ್ಕಾರ ಹೇಳಿಕೊಳ್ಳದೆ ಒಂದು ಮಾತೂ ಶುರುವಾದದ್ದನ್ನು ನಾನು ಕಾಣಲಿಲ್ಲ.

ಕಾರು ಓಡಿಸಿದವರು ಅರವತ್ತು ದಾಟಿದ ಹಿರಿಯರು. ಎತ್ತರದ ಆಳು, ಮಾತು ಮೆತ್ತಗೆ, ಏರುದಾರಿಯಲ್ಲಿ ನಡೆಯುವಾಗ ಆಗಾಗ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಹರೆಯದಲ್ಲಿ ಜೋಹಾನ್ಸ್‌ಬರ್ಗ್ ಕಡೆಯ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದರಂತೆ. ಅವರ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಅವರೇ ಹಟ ಹಿಡಿದು ಕರೆದುಕೊಂಡು ಹೋದ ಬೆಟ್ಟದ ಮಾತು.

ರಾಜಧಾನಿ ಮಸೇರುವಿನಿಂದ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಥಾಬಾ ಬೊಸಿಯು ಇದೆ. ನೋಡಿದರೆ ದೊಡ್ಡ ಬೆಟ್ಟವೇನಲ್ಲ. ನೆತ್ತಿ ಚಪ್ಪಟೆ, ಸುತ್ತ ಮರಳುಗಲ್ಲಿನ ಕಡಿದಾದ ಗೋಡೆ, ಹತ್ತಲು ಕೆಲವೇ ಕಿರಿದಾದ ಸಂದಿ. ಮೇಲೆ ಹುಲ್ಲುಗಾವಲು, ಬತ್ತದ ಒರತೆ. 1824ರಲ್ಲಿ ಮೊಶ್ವೆಶ್ವೆ ಎಂಬ ನಾಯಕ ತನ್ನ ಚಿಕ್ಕ ಗುಂಪನ್ನು ಉತ್ತರದ ಬುಥಾ-ಬುಥೆಯಿಂದ ನಡೆಸಿಕೊಂಡು ಬಂದು ಇಲ್ಲಿ ನೆಲೆ ನಿಂತ. ಆಗ ದಕ್ಷಿಣ ಆಫ್ರಿಕಾದ ಒಳನಾಡು ಹೊತ್ತಿ ಉರಿಯುತ್ತಿತ್ತು. ಜುಲು ರಾಜ್ಯ ಬೆಳೆದ ಹಾಗೆ ಒಂದು ಬುಡಕಟ್ಟು ಇನ್ನೊಂದನ್ನು ಓಡಿಸಿ, ಅದು ಮತ್ತೊಂದರ ಮೇಲೆ ಬಿದ್ದು, ಹೊಲ ಸುಟ್ಟು, ದನ ಕಳೆದು, ಜನ ಹಸಿವಿನಿಂದ ಸಾಯುತ್ತಿದ್ದ ಕಾಲ. ಅದನ್ನು ಅವರು ದಿಫಕಾನೆ ಎನ್ನುತ್ತಾರೆ. ಹಸಿವು ಎಷ್ಟು ಘೋರವಾಗಿತ್ತೆಂದರೆ ಕೆಲವು ಗುಂಪುಗಳು ನರಭಕ್ಷಣೆಗೆ ಇಳಿದಿದ್ದವು. ಈ ಬೆಟ್ಟಕ್ಕೆ ಬರುವ ದಾರಿಯಲ್ಲೇ ಮೊಶ್ವೆಶ್ವೆಯ ಮುದುಕ ಅಜ್ಜ ಪೀಟೆ ಹಿಂದೆ ಬಿದ್ದು ಅಂಥವರ ಕೈಗೆ ಸಿಕ್ಕಿ ಅವರಿಗೆ ಆಹಾರವಾದ.

ಮುಂದೆ ಆ ಗುಂಪು ಸೆರೆ ಸಿಕ್ಕಿತು. ಕೊಂದುಬಿಡೋಣ ಎಂದರು ಜನ. ಮೊಶ್ವೆಶ್ವೆ ಒಪ್ಪಲಿಲ್ಲ. ನನ್ನ ಅಜ್ಜನ ಸಮಾಧಿ ಈಗ ಇವರ ಹೊಟ್ಟೆಯಲ್ಲಿದೆ, ಸಮಾಧಿಯನ್ನು ಯಾರಾದರೂ ಅಗೆಯುತ್ತಾರೆಯೇ ಎಂದನಂತೆ. ಸಮಾಧಿಗೆ ಮಾಡುವ ಶುದ್ಧಿಕಾರ್ಯವನ್ನು ಆ ಮನುಷ್ಯರ ಮೈಗೇ ಮಾಡಿಸಿ, ಸಾಕಲು ದನ ಕೊಟ್ಟು, ಇರಲು ನೆಲ ಕೊಟ್ಟು ತನ್ನ ಪ್ರಜೆಗಳನ್ನಾಗಿ ಮಾಡಿಕೊಂಡ. ಬೆಟ್ಟದ ಬುಡದಲ್ಲಿ ನಿಂತು ಈ ಕಥೆ ಹೇಳುವಾಗ ನಮ್ಮ ಹಿರಿಯರ ದನಿ ಒಂದಿಷ್ಟೂ ಏರಲಿಲ್ಲ. ಮನೆಯ ಹಿರಿಯರ ಬಗ್ಗೆ ಹೇಳುವ ಹಾಗೆ ಹೇಳಿದರು. ನಾನು ಮಾತ್ರ ಬಹಳ ಹೊತ್ತು ಏನೂ ಹೇಳಲಾಗದೆ ನಿಂತಿದ್ದೆ. ಜಗತ್ತಿನ ಎಷ್ಟೋ ದೇಶಗಳು ಯಾರನ್ನೋ ಸೋಲಿಸಿ ಹುಟ್ಟಿವೆ. ಕ್ಷಮಿಸಿ ಹುಟ್ಟಿದ ದೇಶ ಯಾವುದಾದರೂ ಇದ್ದರೆ ಇದೇ ಇರಬೇಕು.

ನಾವು ಖುಬೆಲು ಸಂದಿಯಿಂದ ಹತ್ತಿದೆವು. ಸವೆದ ಕಲ್ಲು, ಎರಡೂ ಬದಿಗೆ ಬಂಡೆ, ಮೇಲಿಂದ ನಾಲ್ಕು ಜನ ಕಲ್ಲು ಉರುಳಿಸಿದರೆ ಕೆಳಗಿನ ದಂಡು ನಿಲ್ಲಲಾರದು. 1831ರಲ್ಲಿ ಮ್ಜಿಲಿಕಾಜಿಯ ಎನ್ಡೆಬೆಲೆ ಸೇನೆ ಹೀಗೆಯೇ ಸೋತು ಹಿಂತಿರುಗಿತು. ಹೊರಟವರ ಹಿಂದೆ ಮೊಶ್ವೆಶ್ವೆ ದನಗಳನ್ನು ಹೊಡೆಸಿ ಕಳಿಸಿದ. ಹಸಿದೇ ಬಂದಿರಬೇಕು, ದಾರಿಗೆ ಊಟವಾಗಲಿ ಎಂದು. ಆ ಸೇನೆ ಮತ್ತೆ ಎಂದೂ ಈ ಕಡೆ ಬರಲಿಲ್ಲ. 1852ರಲ್ಲಿ ಬ್ರಿಟಿಷ್ ಗವರ್ನರ್ ಕ್ಯಾತ್‌ಕಾರ್ಟ್ ದಂಡೆತ್ತಿ ಬಂದು ಬೆರಿಯಾ ಬೆಟ್ಟದ ಕಾಳಗದಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡಾಗ, ಕೈ ಮೇಲಾಗಿದ್ದ ಮೊಶ್ವೆಶ್ವೆಯೇ ಅದೇ ರಾತ್ರಿ ಪತ್ರ ಬರೆಸಿದ: ನೀವು ನಿಮ್ಮ ಬಲ ತೋರಿಸಿದ್ದೀರಿ, ಇನ್ನು ಶಾಂತಿ ಕೊಡಿ ಎಂಬ ಅರ್ಥದಲ್ಲಿ. ಗೆದ್ದವನು ಸೋತವನ ಮಾನ ಉಳಿಸಿದ. ಬಂದ ಸೇನಾಪತಿಗೆ ಹಿಂತಿರುಗಲು ಅಷ್ಟೇ ಬೇಕಿತ್ತು. 1865ರಲ್ಲಿ ಬೋಯರರ ದಂಡನಾಯಕ ಲೌ ವೆಪೆನರ್ ಇದೇ ಸಂದಿಯಲ್ಲಿ ಗುಂಡು ತಗುಲಿ ಬಿದ್ದ. ಸುತ್ತಲ ಬಯಲು ಹೋಯಿತು, ಬೆಳೆ ಸುಟ್ಟರು, ದನ ಹೊಡೆದುಕೊಂಡು ಹೋದರು. ಬೆಟ್ಟ ಮಾತ್ರ ಯಾರ ಕೈಗೂ ಸಿಗಲಿಲ್ಲ. ರಾತ್ರಿ ಹೊತ್ತು ಇದು ಬೆಳೆದು ಎತ್ತರವಾಗುತ್ತದೆ ಎಂದು ವೈರಿಗಳು ನಂಬಿದ್ದರಂತೆ.

ನೆತ್ತಿಯ ಮೇಲೆ ಅರಮನೆಯಿಲ್ಲ. ಹುಲ್ಲಿನ ನಡುವೆ ಕಲ್ಲಿನ ಮನೆಗಳ ಅಡಿಪಾಯ, ಗಾಳಿ, ಮತ್ತು ಅರಸು ಮನೆತನದವರ ಸಮಾಧಿಗಳು. ದೇಶ ಕಟ್ಟಿದವನ ಸಮಾಧಿಯೂ ಒಟ್ಟಿದ ಕಲ್ಲಿನ ಗುಪ್ಪೆ. ಪೂರ್ವಕ್ಕೆ ಕಿಲೊವಾನೆ ಎಂಬ ಕೋಡುಗಲ್ಲಿನ ಗುಡ್ಡ ಕಾಣುತ್ತದೆ. ಬಸೊಥೊ ಜನರ ಹುಲ್ಲಿನ ಟೋಪಿ ಮೊಕೊರೊಟ್ಲೊಗೆ ಅದರದ್ದೇ ಆಕಾರ ಎನ್ನುತ್ತಾರೆ. ಆ ಟೋಪಿ ಈಗ ಅವರ ಬಾವುಟದ ನಡುವೆ ಇದೆ.

ಮುದಿ ವಯಸ್ಸಿನಲ್ಲಿ, ಇನ್ನು ಬೋಯರರನ್ನು ತಡೆಯಲಾಗದು ಎಂದು ಗೊತ್ತಾದಾಗ ಮೊಶ್ವೆಶ್ವೆ ಬ್ರಿಟಿಷ್ ರಾಣಿಯ ಆಶ್ರಯ ಕೇಳಿದ. 1868ರ ಮಾರ್ಚ್ 12ರಂದು ಅದು ಸಿಕ್ಕಿತು. ಎರಡು ವರ್ಷಕ್ಕೆ ಅವನು ತೀರಿಕೊಂಡ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ. ಲಂಡನ್ನಿನ ಆಶ್ರಯದಲ್ಲಿ ಉಳಿದದ್ದರಿಂದಲೇ 1910ರಲ್ಲಿ ದಕ್ಷಿಣ ಆಫ್ರಿಕಾ ಒಕ್ಕೂಟ ಕಟ್ಟಿದಾಗ ಈ ನಾಡು ಅದರೊಳಗೆ ಸೇರಲಿಲ್ಲ. ಇನ್ನರ್ಧ ಉತ್ತರ ಬಸೊಥೊ ಜನರ ಹಟದಲ್ಲಿದೆ. ನಡುವೆ ಬ್ರಿಟಿಷರು ನಾಡನ್ನು ಕೇಪ್ ವಸಾಹತಿನ ಕೈಗೆ ಕೊಟ್ಟಾಗ, ಬಂದೂಕು ಒಪ್ಪಿಸಿ ಎಂದವರ ವಿರುದ್ಧ 1880ರಲ್ಲಿ ಅದೇ ಬಂದೂಕು ಎತ್ತಿ ನಿಂತರು. 1884ರಲ್ಲಿ ನಾಡು ಮತ್ತೆ ನೇರ ಲಂಡನ್ನಿನ ಕೈಗೆ ಹೋಯಿತು. ಸ್ವಾತಂತ್ರ್ಯ ಬಂದದ್ದು 1966ರ ಅಕ್ಟೋಬರ್ 4ರಂದು.

ಮೊಶ್ವೆಶ್ವೆ ಅಕ್ಷರವನ್ನೂ ಬೆಟ್ಟಕ್ಕೆ ಕರೆಸಿಕೊಂಡವನು. ಅವನ ಕರೆಯ ಮೇಲೆ 1833ರಲ್ಲಿ ಬಂದ ಫ್ರೆಂಚ್ ಮಿಷನರಿಗಳು ಮೊರಿಜಾ ಎಂಬ ಊರಲ್ಲಿ ನೆಲೆಸಿದರು, ಮುಂದೆ ಅಲ್ಲಿ ಮಿಷನ್ನಿನ ಮುದ್ರಣಾಲಯವೂ ಬಂತು. ಸೆಸೊಥೊ ಭಾಷೆಯ ಪತ್ರಿಕೆ 1863ರಿಂದ ಅಲ್ಲಿ ಅಚ್ಚಾಯಿತು. ಥಾಮಸ್ ಮೊಫೊಲೊ ಬರೆದ ಚಾಕಾ ಕಾದಂಬರಿ 1925ರಲ್ಲಿ ಹೊರಬಂದದ್ದೂ ಅಲ್ಲಿಂದಲೇ. ಆಫ್ರಿಕಾದ ಭಾಷೆಯೊಂದರಲ್ಲಿ ಆಫ್ರಿಕಾದವನೇ ಬರೆದು ಜಗತ್ತು ಓದಿದ ಮೊದಲ ಮೊದಲ ದೊಡ್ಡ ಕಾದಂಬರಿಗಳಲ್ಲಿ ಅದೊಂದು.

ಮಸೇರು ಚಿಕ್ಕ ಊರು. ಕಿಂಗ್ಸ್‌ವೇ ಎಂಬ ಒಂದು ಮುಖ್ಯ ರಸ್ತೆ, ಅದರ ಇಕ್ಕೆಲದಲ್ಲಿ ಬ್ಯಾಂಕು, ಅಂಗಡಿ, ಕಚೇರಿ, ಹಾರ್ನ್ ಬಾರಿಸುತ್ತಾ ಜನರನ್ನು ಕೂಗಿ ಕರೆಯುವ ಹಂಚಿಕೆ ಟ್ಯಾಕ್ಸಿಗಳು. 1998ರ ಚುನಾವಣೆಯ ಜಗಳದಲ್ಲಿ, ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್‌ವಾನಾದ ಸೇನೆಗಳು ಒಳಗೆ ಬಂದಾಗ ಈ ಬೀದಿ ಸುಟ್ಟುಹೋಗಿತ್ತು. ಆ ಪಾಠದಿಂದ ಅವರು ಚುನಾವಣೆಯ ಪದ್ಧತಿಯನ್ನೇ ಬದಲಿಸಿಕೊಂಡರು. 120 ಸ್ಥಾನಗಳಲ್ಲಿ 80 ಕ್ಷೇತ್ರಗಳಿಂದ, ಉಳಿದ 40 ಪಕ್ಷಗಳು ಪಡೆದ ಮತಗಳ ಪ್ರಮಾಣಕ್ಕೆ ತಕ್ಕಂತೆ. ಮತ ಪಡೆದೂ ಸೀಟಿಲ್ಲದೆ ಉಳಿಯುವ ಪಕ್ಷಕ್ಕೆ ಇದು ನ್ಯಾಯ. ಆದರೆ 2012ರ ಚುನಾವಣೆಯಿಂದ ಯಾರಿಗೂ ಪೂರ್ಣ ಬಹುಮತ ಬಾರದೆ, ಮೈತ್ರಿ ಸರ್ಕಾರಗಳು ಮುರಿದುಬಿದ್ದು 2015, 2017ರಲ್ಲಿ ಸಾಲಾಗಿ ಚುನಾವಣೆಗಳು ನಡೆದವು. 2022ರಲ್ಲಿ ಕೆಲವೇ ತಿಂಗಳ ಹಿಂದೆ ಹುಟ್ಟಿದ ಪಕ್ಷವನ್ನು ಮುಂದಿಟ್ಟುಕೊಂಡು ವಜ್ರದ ಉದ್ಯಮಿ ಸ್ಯಾಮ್ ಮಟೆಕಾನೆ ಪ್ರಧಾನಿಯಾದರು. ಅರಸು ಪಟ್ಟದಲ್ಲಿ ಮೊಶ್ವೆಶ್ವೆಯ ವಂಶದವರೇ ಆದ ಮೂರನೆಯ ಲೆಟ್ಸಿಯೆ ಇದ್ದಾರೆ. ಆಡಳಿತದ ಅಧಿಕಾರ ಅವರ ಕೈಯಲ್ಲಿಲ್ಲ. ಆದರೆ ದೇಶದ ನೆಲವೆಲ್ಲ ಬಸೊಥೊ ಜನಾಂಗದ್ದು, ರಾಜ ಅದನ್ನು ಜನರ ಪರವಾಗಿ ಕಾಯುವವನು ಎಂದು ಸಂವಿಧಾನವೇ ಹೇಳುತ್ತದೆ. ಮೇಲ್ಮನೆಯ 33 ಸದಸ್ಯರಲ್ಲಿ 22 ಮಂದಿ ವಂಶಪಾರಂಪರ್ಯವಾಗಿ ಬಂದ ಹಿರಿಯ ನಾಯಕರು. ನಾಯಕ ಅಂದರೆ ಗಂಡಸೇ ಆಗಬೇಕಿಲ್ಲ. 1941ರಿಂದ 1960ರವರೆಗೆ ಈ ನಾಡನ್ನು ರಾಜಪ್ರತಿನಿಧಿಯಾಗಿ ನಡೆಸಿದವರು ಮಂತ್ಸೆಬೊ ಎಂಬ ರಾಣಿ.

ಊರಂಚಿನ ಥೆತ್ಸಾನೆಯಲ್ಲಿ ಬಟ್ಟೆ ಕಾರ್ಖಾನೆಗಳ ಸಾಲು. ಸಂಜೆ ಪಾಳಿ ಬಿಟ್ಟಾಗ ಗೇಟಿನಿಂದ ಹೊರಬಂದ ಜನಪ್ರವಾಹದಲ್ಲಿ ನೂರಕ್ಕೆ ತೊಂಬತ್ತರಂತೆ ಹೆಂಗಸರು. ಕೂದಲಲ್ಲಿ, ಕಂಬಳಿಯ ಅಂಚಿನಲ್ಲಿ ನೀಲಿ ನೂಲಿನ ಎಳೆಗಳು. ಅಮೆರಿಕದಲ್ಲಿ ಮಾರುವ ಹೆಸರಾಂತ ಜೀನ್ಸ್ ಪ್ಯಾಂಟುಗಳು ಹೊಲಿಗೆಯಾಗುವುದು ಇಲ್ಲಿ. 2000ರಲ್ಲಿ ಅಮೆರಿಕ ಆಫ್ರಿಕಾದ ದೇಶಗಳಿಗೆ ಸುಂಕವಿಲ್ಲದ ಮಾರುಕಟ್ಟೆ ತೆರೆದಾಗ ತೈವಾನಿನ ಬಂಡವಾಳಗಾರರು ಬಂದು ಈ ಕಾರ್ಖಾನೆಗಳನ್ನು ಬೆಳೆಸಿದರು. ಸರ್ಕಾರಿ ನೌಕರಿ ಬಿಟ್ಟರೆ ದೇಶದಲ್ಲಿ ಇಷ್ಟು ಜನರಿಗೆ ಸಂಬಳ ಕೊಡುವ ಜಾಗ ಇನ್ನೊಂದಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಈ ದೇಶದ ಸರಕಿನ ಮೇಲೆ ಶೇಕಡ 50 ಸುಂಕ ಘೋಷಿಸಿದರು. ಅಂದು ಘೋಷಿಸಿದ ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡ ಸುಂಕ ಬೇರೆ ಯಾವ ದೇಶದ ತಲೆಯ ಮೇಲೂ ಕೂತಿರಲಿಲ್ಲ. ಕೆಲವು ತಿಂಗಳಾದ ಮೇಲೆ ಅದು 15ಕ್ಕೆ ಇಳಿಯಿತು, ಆದರೆ ಅಷ್ಟರೊಳಗೆ ಬೇಡಿಕೆ ನಿಂತು ಯಂತ್ರಗಳು ಸುಮ್ಮನಾಗಿದ್ದವು. ಜುಲೈನಲ್ಲಿ ಸರ್ಕಾರ ನಿರುದ್ಯೋಗವನ್ನೇ ವಿಪತ್ತು ಎಂದು ಸಾರಬೇಕಾಯಿತು. ನಾನು ಹೋಗುವ ಹೊತ್ತಿಗೆ ಆ ಹಳೆಯ ಸುಂಕರಹಿತ ಏರ್ಪಾಡಿನ ಅವಧಿಯೂ ಸೆಪ್ಟೆಂಬರ್ ಕೊನೆಗೆ ತೀರಿತ್ತು. ಗೇಟಿನೆದುರು ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಮಾರುತ್ತಿದ್ದ ತಾಯಿಯೊಬ್ಬರನ್ನು ವ್ಯಾಪಾರ ಹೇಗೆ ಎಂದು ಕೇಳಿದೆ. "ಮೊದಲು ಎರಡು ಬಕೆಟ್ ಹಿಟ್ಟು ಕಲಸುತ್ತಿದ್ದೆ, ಈಗ ಒಂದು" ಎಂದರು. ದೇಶದ ಅರ್ಥವ್ಯವಸ್ಥೆಯ ಬಗ್ಗೆ ನಾನು ಓದಿದ ಯಾವ ವರದಿಯೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ಗಡಿಯಾಚೆಯ ರಾಂಡ್ ನೋಟು ಇಲ್ಲಿನ ಹಣವಾದ ಲೋಟಿಯ ಜೊತೆ ಸರಿಸಮನಾಗಿ ನಡೆಯುತ್ತದೆ. ದಕ್ಷಿಣ ಆಫ್ರಿಕಾದ ಜೊತೆಗಿನ ಸುಂಕ ಒಕ್ಕೂಟದಿಂದ ಬರುವ ಪಾಲು ಸರ್ಕಾರದ ವರಮಾನದ ದೊಡ್ಡ ಭಾಗ. ಉತ್ತರದ ಬುಥಾ-ಬುಥೆ, ಲೆರಿಬೆ ಕಡೆ ಹೋದರೆ ಅಂಗಡಿಗಳಲ್ಲಿ ಭಾರತೀಯ ಮೂಲದವರೂ ಕಾಣುತ್ತಾರೆ. ಆರೆಂಜ್ ಫ್ರೀ ಸ್ಟೇಟ್ ಭಾರತೀಯರಿಗೆ ನೆಲೆಸಲು ಬಿಡದಿದ್ದ ಕಾಲದಲ್ಲಿ ನೇಟಾಲ್‌ನಿಂದ ಬಂದು ಈ ಬೆಟ್ಟದ ಬುಡದಲ್ಲಿ ವ್ಯಾಪಾರ ಹೂಡಿದವರ ಮೊಮ್ಮಕ್ಕಳು, ಮರಿಮಕ್ಕಳು. ಅವರಾಡುವ ಸೆಸೊಥೊದಲ್ಲಿ ಎಲ್ಲಿಯೂ ತಡೆಯಿಲ್ಲ.

ಅಲ್ಲಿಂದ ಮುಂದೆ ದಾರಿ ಆಕಾಶಕ್ಕೇ ಹೋಗುತ್ತದೆ. ಪಿಟ್ಸೆಂಗ್ ಊರು ದಾಟಿ ಮಫಿಕಾ ಲಿಸಿಯು ಕಣಿವೆ ಏರುತ್ತಾ ಏರುತ್ತಾ 3,090 ಮೀಟರಿಗೆ ಬಂದು ನಿಂತೆವು. ಮರ ಯಾವಾಗಲೋ ಮುಗಿದಿತ್ತು. ಹುಲ್ಲು, ಕಪ್ಪು ಬಂಡೆ, ಬಂಡೆಯ ನೆರಳಲ್ಲಿ ಕರಗದೆ ಉಳಿದ ಹಿಮದ ತೇಪೆ. ಸುಮಾರು 18 ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ಲಾವಾ ಪದರ ಪದರವಾಗಿ ಕೂತು ಈ ಬೆಟ್ಟಗಳಾಗಿವೆ. ಅದರಡಿಯ ಮರಳುಗಲ್ಲಿನಲ್ಲಿ ಡೈನೋಸಾರ್‌ಗಳ ಹೆಜ್ಜೆ ಗುರುತುಗಳಿವೆ. ನಿಂತಲ್ಲಿಂದ ಪೂರ್ವಕ್ಕೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಬೆಟ್ಟ. ಒಂದು ಊರು ಕಾಣಲಿಲ್ಲ, ಒಂದು ತಂತಿ ಕಾಣಲಿಲ್ಲ. ನಮ್ಮ ಹಿರಿಯರು ಕಾರಿನಿಂದಿಳಿದು ಕಂಬಳಿ ಹೊದ್ದರು. ಬಸೊಥೊ ಕಂಬಳಿಯನ್ನು ಹತ್ತಿರದಿಂದ ನೋಡಿದ್ದು ಆಗ. ದಪ್ಪ ಉಣ್ಣೆ, ಕಂದು ನೆಲದ ಮೇಲೆ ಮೆಕ್ಕೆಜೋಳದ ತೆನೆಯ ಚಿತ್ತಾರ, ಅದರ ಉದ್ದಕ್ಕೆ ಬೆರಳಗಲದ ಪಟ್ಟೆ. ಪಟ್ಟೆ ಯಾವಾಗಲೂ ಮೇಲಿಂದ ಕೆಳಕ್ಕೆ ನಿಲ್ಲುವ ಹಾಗೆಯೇ ಹೊದೆಯಬೇಕು. ಅಡ್ಡಡ್ಡ ಹೊದ್ದರೆ ಬೆಳವಣಿಗೆ ಕುಂಠಿತವಾಗುತ್ತದೆಂಬ ನಂಬಿಕೆ. ಗಂಡಸರು ಬಲ ಹೆಗಲ ಮೇಲೆ ಪಿನ್ನು ಹಾಕುತ್ತಾರೆ, ಹೆಂಗಸರು ಎದೆಯ ಮೇಲೆ. ಹುಟ್ಟಿಗೆ, ಮದುವೆಗೆ, ಸಾವಿಗೆ ಬೇರೆ ಬೇರೆ ಕಂಬಳಿ.

ಆ ಚಳಿಗಾಳಿಯಲ್ಲೇ ಅವರು ಗಣಿಯ ಮಾತು ತೆಗೆದರು. 1980ರ ದಶಕದ ಕೊನೆಯಲ್ಲಿ ಲೆಸೊಥೊದ ಒಂದು ಲಕ್ಷಕ್ಕೂ ಹೆಚ್ಚು ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿದ್ದರು. ಊರುಗಳಲ್ಲಿ ಉಳಿದದ್ದು ಹೆಂಗಸರು, ಮುದುಕರು, ಮಕ್ಕಳು. ಎತ್ತರದ ಬೆಟ್ಟಗಳಲ್ಲಿ ಹುಟ್ಟಿದವರು ನೆಲದಡಿ ಮೂರು ಸಾವಿರ ಮೀಟರ್ ಆಳಕ್ಕೆ ಇಳಿದು ಚಿನ್ನ ತೆಗೆದರು. ಕೆಳಗೆ ಬಂಡೆ ಬೆಂಕಿಯಷ್ಟು ಬಿಸಿ, ಮೇಲೆ ಬಂದರೆ ಎರಡು ಸಾಲು ಕಾಂಕ್ರೀಟ್ ಮಂಚಗಳ ವಸತಿ, ಮನೆ ಕಾಣುವುದು ವರ್ಷಕ್ಕೊಮ್ಮೆ. ಅಕಾರ್ಡಿಯನ್ ಬಾರಿಸಿಕೊಂಡು ಹಾಡುವ ಫಾಮೊ ಸಂಗೀತ ಹುಟ್ಟಿದ್ದು ಆ ಒಂಟಿತನದಲ್ಲಿ. 1990ರ ನಂತರ ಗಣಿಗಳು ಮುಚ್ಚುತ್ತಾ ಬಂದವು, ಜನ ಮರಳಿದರು. ಕೈಗೆ ಕೆಲಸವಿಲ್ಲ, ಎದೆಯಲ್ಲಿ ಬಂಡೆಯ ಧೂಳು. ಆ ಧೂಳಿನ ಕಾಯಿಲೆಗೆ ಪರಿಹಾರ ಕೇಳಿ ಹೂಡಿದ ಮೊಕದ್ದಮೆಯಲ್ಲಿ ಗಣಿ ಕಂಪನಿಗಳು ಹಣ ಕೊಡಲು ಒಪ್ಪಿದ್ದಕ್ಕೆ 2019ರಲ್ಲಿ ದಕ್ಷಿಣ ಆಫ್ರಿಕಾದ ನ್ಯಾಯಾಲಯ ಸಮ್ಮತಿ ಕೊಟ್ಟಿತು. ಅರ್ಜಿ ಹಾಕಿದ್ದೀರಾ ಎಂದೆ. ಹಾಕಿದ್ದೇನೆ ಎಂದು ತಲೆಯಾಡಿಸಿದರು. ಏರುದಾರಿಯಲ್ಲಿ ಅವರು ಪದೇ ಪದೇ ನಿಲ್ಲುತ್ತಿದ್ದುದೇಕೆಂದು ನನಗೆ ಆಗ ತಿಳಿಯಿತು. ವಯಸ್ಕರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಎಚ್‌ಐವಿ ಇರುವ ನಾಡು ಇದು. ಅದಕ್ಕೂ ಗಂಡಸರ ಆ ಗುಳೆಯ ಬದುಕಿಗೂ ಇರುವ ನಂಟನ್ನು ಅವರು ತಾವಾಗಿಯೇ ಹೇಳಿ, ತಮ್ಮ ಇಬ್ಬರು ತಮ್ಮಂದಿರ ಹೆಸರು ಎತ್ತಿ ಸುಮ್ಮನಾದರು.

ಕಣಿವೆ ಇಳಿದರೆ ಕಾತ್ಸೆ. ಬೆಟ್ಟಗಳ ನಡುವೆ ಹಾವಿನ ಹಾಗೆ ಸುತ್ತಿದ ಹಸಿರು ನೀರು, ಅದನ್ನು ತಡೆದು ನಿಂತ 185 ಮೀಟರ್ ಎತ್ತರದ ಬಾಗಿದ ಕಾಂಕ್ರೀಟ್ ಗೋಡೆ. ಮಾದಿಬಾಮಾತ್ಸೊ ನದಿ ಇಲ್ಲಿಂದ ತಾನಾಗಿ ಹರಿದರೆ ಸೆಂಕು ನದಿ ಸೇರಿ, ಆರೆಂಜ್ ಎಂಬ ಹೆಸರಿನಿಂದ ಇಡೀ ಖಂಡವನ್ನು ಅಡ್ಡ ಹಾಯ್ದು ಅಟ್ಲಾಂಟಿಕ್ ಸೇರುತ್ತದೆ. ಅದನ್ನು ಉತ್ತರಕ್ಕೆ ತಿರುಗಿಸಿದ್ದಾರೆ. ಬೆಟ್ಟದ ಹೊಟ್ಟೆಯಲ್ಲಿ 45 ಕಿಲೋಮೀಟರ್ ಸುರಂಗ ಕೊರೆದು ಮುಏಲಾ ಎಂಬಲ್ಲಿ 72 ಮೆಗಾವಾಟ್ ವಿದ್ಯುತ್ ತೆಗೆದು, ಮತ್ತೊಂದು ಸುರಂಗದಿಂದ ಗಡಿ ದಾಟಿಸಿ, ವಾಲ್ ನದಿಯ ಮೂಲಕ ಜೋಹಾನ್ಸ್‌ಬರ್ಗ್ ಸೀಮೆಯ ನಲ್ಲಿಗಳಿಗೆ ಕಳಿಸುತ್ತಾರೆ. ಒಪ್ಪಂದವಾದದ್ದು 1986ರಲ್ಲಿ, ನೀರು ಹರಿದದ್ದು 1998ರಲ್ಲಿ. ವರ್ಷಕ್ಕೆ ಸುಮಾರು 78 ಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ 27 ಟಿಎಂಸಿಗೂ ಮೇಲೆ. ಪ್ರತಿಯಾಗಿ ದಕ್ಷಿಣ ಆಫ್ರಿಕಾ ತಿಂಗಳು ತಿಂಗಳು ರಾಯಲ್ಟಿ ಕೊಡುತ್ತದೆ. ನೀರಿಗಾಗಿ ಕೋರ್ಟು, ಬೀದಿ ಎಂದು ಅಲೆದ ನಾಡಿನಿಂದ ಹೋದ ನನಗೆ, ಮೇಲಿನವನು ಕೊಟ್ಟು ಕೆಳಗಿನವನು ಹಣ ತೆರುವ ಈ ಲೆಕ್ಕ ಕಂಡು ಅಚ್ಚರಿಯಾಯಿತು.

ಈ ಅಣೆಕಟ್ಟಿನ ನೆರಳಲ್ಲೇ ಇನ್ನೊಂದು ದೊಡ್ಡ ಕೆಲಸ ನಡೆದಿದೆ. ಯೋಜನೆಯ ಮೊದಲ ಮುಖ್ಯಾಧಿಕಾರಿ ಮಸುಫಾ ಸೋಲೆ ವಿದೇಶಿ ಗುತ್ತಿಗೆದಾರರಿಂದ ಲಂಚ ತಿಂದದ್ದು ಹೊರಬಿದ್ದಾಗ ಲೆಸೊಥೊ ಅವರನ್ನು 2002ರಲ್ಲಿ ಜೈಲಿಗೆ ಕಳಿಸಿತು. ಅಲ್ಲಿಗೆ ನಿಲ್ಲಿಸಲಿಲ್ಲ. ಲಂಚ ಕೊಟ್ಟ ಕೆನಡಾದ ಆಕ್ರೆಸ್, ಜರ್ಮನಿಯ ಲಾಮೇಯರ್ ಕಂಪನಿಗಳನ್ನೂ ತನ್ನ ನ್ಯಾಯಾಲಯದಲ್ಲೇ ನಿಲ್ಲಿಸಿ ದಂಡ ಹಾಕಿತು. ತಿಂದವನನ್ನು ಹಿಡಿಯುವ ದೇಶಗಳಿವೆ. ತಿನ್ನಿಸಿದ ದೊಡ್ಡವರನ್ನು ಕಟಕಟೆಗೆ ತಂದ ಬಡ ದೇಶ ನನಗೆ ಇದೊಂದೇ ಗೊತ್ತು.

ಆದರೆ ಅಣೆಕಟ್ಟಿನ ಮೇಲಿನ ಗುಡ್ಡದ ಹಳ್ಳಿಯಲ್ಲಿ ಹೆಂಗಸರು ಒರತೆಯಿಂದ ಬಕೆಟ್ ತುಂಬಿ ಹೊತ್ತು ತರುತ್ತಿದ್ದರು. ಕೆಳಗೆ ಕೆರೆ ಥಳಥಳಿಸುತ್ತಿತ್ತು. ಈ ದೃಶ್ಯ ನನಗೆ ಸಹಿಸಲಾಗಲಿಲ್ಲ. ಮುಳುಗಿದ ಹೊಲಗಳ ಮಾತು ತೆಗೆದಾಗ ಅಜ್ಜಿಯೊಬ್ಬರು ನೀರಿನತ್ತ ಬೆರಳು ತೋರಿಸಿ ತಮ್ಮ ಜೋಳದ ಹೊಲ ಎಲ್ಲಿತ್ತೆಂದು ಗುರುತು ಹೇಳಿದರು. ಆಚೆ ಪೊಲಿಹಾಲಿಯಲ್ಲಿ ಮತ್ತೊಂದು ಅಣೆಕಟ್ಟು ಏಳುತ್ತಿದೆ.

ಅದೇ ಅಜ್ಜಿಯ ಮನೆಯಲ್ಲಿ ಊಟ ಮಾಡಿದೆವು. ದುಂಡು ಕಲ್ಲಿನ ಗೋಡೆ, ಹುಲ್ಲಿನ ಮಾಡು, ಒಳಗೆ ಸಗಣಿ ಸಾರಿಸಿದ ನೆಲ. ಹೊರಗೋಡೆಯ ಹಸಿ ಮಣ್ಣಿನ ಮೇಲೆ ಬೆರಳಿನಿಂದ ಗೀರಿದ ಉಳುಮೆ ಸಾಲಿನ ಚಿತ್ತಾರ, ಅದಕ್ಕೆ ದಿತೆಮಾ ಎನ್ನುತ್ತಾರೆ. ಹೆಂಗಸರೇ ಬರೆಯುವುದು, ಮಳೆ ಅಳಿಸಿದರೆ ಮತ್ತೆ ಬರೆಯುವುದು. ಬಿಳಿ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಜೊತೆಗೆ ಕೊಚ್ಚಿ ಬೇಯಿಸಿದ ಸೊಪ್ಪು, ಕುಡಿಯಲು ಜೋಳದ ಹುಳಿ ಗಂಜಿ. ಮುದ್ದೆ ಮುರಿದು ಸೊಪ್ಪಿನಲ್ಲಿ ಅದ್ದಿ ನುಂಗುವ ನನ್ನನ್ನು ನೋಡಿ ಅಜ್ಜಿ ನಕ್ಕು, ಇವನಿಗೆ ಯಾರು ಕಲಿಸಿದರು ಎಂದು ಕೇಳಿದರು. ಪಕ್ಕದ ಮನೆಯ ಕೋಲಿನ ಮೇಲೆ ಬಿಳಿ ಬಟ್ಟೆ ಹಾರುತ್ತಿತ್ತು. ಜೋಳದ ಬಿಯರ್ ಸಿದ್ಧವಾಗಿದೆ, ಬನ್ನಿ ಎಂಬ ಕರೆ ಅದು.

ಮಸೇರುವಿಗೆ ಮರಳಿ, ವಿಶ್ವವಿದ್ಯಾಲಯವಿರುವ ರೋಮಾ ಊರು ಹಾಯ್ದು ಸೆಮೊಂಕೊಂಗ್‌ಗೆ ಹೋದೆವು. ಅಲ್ಲಿ ಮಲೆತ್ಸುನ್ಯಾನೆ ನದಿ 192 ಮೀಟರ್ ಎತ್ತರದಿಂದ ಒಂದೇ ಜಿಗಿತಕ್ಕೆ ಕೊರಕಲಿಗೆ ಬೀಳುತ್ತದೆ. ಮಳೆಗಾಲ ಇನ್ನೂ ಬಲಿಯದ ಕಾಲ, ನೀರು ತೆಳ್ಳಗಿತ್ತು. ಆದರೂ ಅಂಚಿನಲ್ಲಿ ಮಂಡಿಯೂರಿ ಕೆಳಗೆ ನೋಡಿದಾಗ ಕಾಲು ನಡುಗಿತು. ಈ ಊರಲ್ಲಿ ಅಂಗಡಿಗಳ ಮುಂದೆ ಕಾರಿಗಿಂತ ಕುದುರೆ ಹೆಚ್ಚು. ಗಿಡ್ಡ ಜಾತಿಯ, ಗಟ್ಟಿ ಗೊರಸಿನ ಬಸೊಥೊ ಕುದುರೆಗಳು. ಹಿಟ್ಟಿನ ಮೂಟೆಯನ್ನು ಕತ್ತೆಯ ಮೇಲೆ ಹೇರಿ, ತಾವು ಕುದುರೆಯೇರಿ ರಸ್ತೆಯೇ ಇಲ್ಲದ ಗುಡ್ಡಗಳಾಚೆ ಹೊರಟುಬಿಡುತ್ತಾರೆ.

ಜಲಪಾತದ ದಾರಿಯಲ್ಲಿ ಕುರಿ ಕಾಯುವ ಹುಡುಗನೊಬ್ಬ ಸಿಕ್ಕ. ಹನ್ನೆರಡು ಹದಿಮೂರು ವರ್ಷ ಇರಬಹುದು. ಬೂದು ಕಂಬಳಿ, ರಬ್ಬರ್ ಬೂಟು, ಕಣ್ಣು ಮಾತ್ರ ಕಾಣುವ ಉಣ್ಣೆಯ ಕುಲಾವಿ, ಕೈಯಲ್ಲಿ ದೊಣ್ಣೆ. ಕಂಬಳಿಯೊಳಗಿಂದ ಲೆಸಿಬಾ ತೆಗೆದ. ಒಂದು ಕೋಲಿಗೆ ಬಿಗಿದ ತಂತಿ, ತಂತಿಯ ತುದಿಗೆ ಚಪ್ಪಟೆ ಮಾಡಿದ ಹಕ್ಕಿಯ ಗರಿಯ ತೊಟ್ಟು. ಆ ತೊಟ್ಟನ್ನು ತುಟಿಗಿಟ್ಟು ಉಸಿರನ್ನು ಒಳಗೂ ಹೊರಗೂ ಎಳೆದಾಗ ತಂತಿ ಗುಂಯ್‌ಗುಟ್ಟಿತು, ನಡುನಡುವೆ ಅವನ ಗಂಟಲಿನ ದನಿಯೂ ಸೇರಿತು. ಮೇಯುತ್ತಿದ್ದ ಕುರಿಗಳು ತಲೆಯೆತ್ತಿ ಅವನ ಕಡೆ ಬಂದವು. ಶಾಲೆಯ ಬಗ್ಗೆ ಕೇಳಿದೆ. ತಂಗಿ ಹೋಗುತ್ತಾಳೆ ಎಂದ. ಪ್ರಾಥಮಿಕ ಶಿಕ್ಷಣ ಇಲ್ಲಿ ಉಚಿತ, 2010ರ ಕಾಯ್ದೆಯಿಂದ ಕಡ್ಡಾಯವೂ ಹೌದು. ಆದರೆ ಬೆಟ್ಟದ ಮನೆಗಳಲ್ಲಿ ಗಂಡುಮಕ್ಕಳು ಮಂದೆಯ ಹಿಂದೆ ಹೋಗುವುದರಿಂದ ಓದುಬರಹ ಬಲ್ಲವರಲ್ಲಿ ಹೆಂಗಸರದೇ ಮೇಲುಗೈ. ಜಗತ್ತಿನಲ್ಲಿ ಇಂಥ ದೇಶ ಅಪರೂಪ. ಇದರಲ್ಲಿ ಸಂತೋಷಪಡಲು ಮನಸ್ಸಾದರೂ ಆ ಹುಡುಗನ ಎದುರಿಗೆ ಆಗಲಿಲ್ಲ.

ಬೆಟ್ಟದ ಬದುಕು ನಿಂತಿರುವುದು ಮೆರಿನೊ ಕುರಿಯ ಉಣ್ಣೆ ಮತ್ತು ಅಂಗೋರಾ ಆಡಿನ ಮೊಹೇರ್ ಮೇಲೆ. ಮೊಹೇರ್‌ನಲ್ಲಿ ದಕ್ಷಿಣ ಆಫ್ರಿಕಾ ಬಿಟ್ಟರೆ ಲೆಸೊಥೊದ್ದೇ ಹೆಸರು. ಉಣ್ಣೆ ಕತ್ತರಿಸುವ ಕೊಟ್ಟಿಗೆಯೊಂದರಲ್ಲಿ ಇಬ್ಬರು ಹೆಂಗಸರು ಹಲಗೆಯ ಮೇಜಿನ ಮೇಲೆ ಅದನ್ನು ಹರಡಿ, ಎಳೆ ಹಿಡಿದು ಕಿವಿಯ ಹತ್ತಿರ ಜಗ್ಗಿ ಅದರ ಬಲದ ಸದ್ದು ಕೇಳಿ ದರ್ಜೆ ಬೇರೆ ಮಾಡುತ್ತಿದ್ದರು. 2018ರಲ್ಲಿ ಸರ್ಕಾರ, ಉಣ್ಣೆಯನ್ನು ಹೊರಗೆ ಕಳಿಸುವಂತಿಲ್ಲ, ದೇಶದೊಳಗೇ ಮಾರಬೇಕು ಎಂದು ನಿಯಮ ಮಾಡಿತು. ಹಣ ತಿಂಗಳುಗಟ್ಟಲೆ ಬರಲಿಲ್ಲ. 2019ರಲ್ಲಿ ಸಾವಿರಾರು ಸಾಕಣೆದಾರರು ಕಂಬಳಿ ಹೊದ್ದು ಮಸೇರುವಿನ ಬೀದಿಗಿಳಿದರು. ಕೊನೆಗೆ ಸರ್ಕಾರವೇ ಹಿಂದೆ ಸರಿಯಿತು. ಜನರಿಂದಲೇ ಅರಸ ಅರಸನಾಗುವುದು ಎಂಬ ಅರ್ಥದ ಗಾದೆ ಅವರಲ್ಲಿದೆ. ಕೊಟ್ಟಿಗೆಯಲ್ಲಿದ್ದ ಮುದುಕರೊಬ್ಬರು ಆ ಮೆರವಣಿಗೆಯ ಕಥೆ ಮುಗಿಸಿದ್ದು ಆ ಗಾದೆಯಿಂದಲೇ.

ಮರುದಿನ ಹತ್ತಿರದ ಹಳ್ಳಿಯಲ್ಲಿ ಪಿಟ್ಸೊ ಇತ್ತು, ಅಂದರೆ ಊರ ಸಭೆ. ಮೊಶ್ವೆಶ್ವೆ ಕೂಡ ದೊಡ್ಡ ನಿರ್ಧಾರಗಳನ್ನು ಪಿಟ್ಸೊ ಕರೆದೇ ಮಾಡುತ್ತಿದ್ದನಂತೆ. ಅಪ್ಪಣೆ ಪಡೆದು ಹಿಂದೆ ಕಲ್ಲಿನ ಮೇಲೆ ಕೂತೆ. ಊರ ನಾಯಕಿ ನಡುವಯಸ್ಸಿನ ಹೆಂಗಸು, ಗಂಡ ತೀರಿದ ಮೇಲೆ ಪಟ್ಟಕ್ಕೆ ಬಂದವರು. ವಿಷಯ ಹುಲ್ಲಿನದು. ಗುಡ್ಡದ ಒಂದು ಬದಿಗೆ ಕಲ್ಲಿನ ಗುಪ್ಪೆಗಳನ್ನಿಟ್ಟು ಮೇಯಿಸುವುದನ್ನು ನಿಲ್ಲಿಸಿದ್ದರು, ಹುಲ್ಲು ಚಿಗುರಲೆಂದು. ಈಗ ಬಿಟ್ಟುಕೊಡಿ ಎಂದು ಕೆಲವರ ಬೇಡಿಕೆ. ಮಂದೆ ಬಡವಾಗಿದೆ, ಉಣ್ಣೆ ಕತ್ತರಿಸಿದ ಕುರಿಗಳು ಮೈ ಹಿಡಿಯಬೇಕು ಎಂದರು ಒಬ್ಬರು. ಕಳೆದ ಸಲ ಬೇಗ ಬಿಟ್ಟು ಮಳೆಗೆ ಮಣ್ಣೆಲ್ಲ ಕೊಚ್ಚಿ ಕೊರಕಲು ಬಿದ್ದದ್ದು ಮರೆತಿರಾ ಎಂದು ಇನ್ನೊಬ್ಬ ತಾಯಿ ಎದ್ದು ನಿಂತು ಕೇಳಿದರು. ದೊಣ್ಣೆ ಊರಿಕೊಂಡು ಒಬ್ಬೊಬ್ಬರೂ ಮಾತಾಡಿದರು, ಯಾರೂ ಯಾರ ಮಾತನ್ನೂ ತಡೆಯಲಿಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಾಯಕಿ ತೀರ್ಮಾನ ಹೇಳಿದರು: ಎರಡು ಹದ ಮಳೆ ಬರುವವರೆಗೆ ಗುಡ್ಡಕ್ಕೆ ಮಂದೆ ಬಿಡುವಂತಿಲ್ಲ, ನುಗ್ಗಿದ ದನ ಕುರಿಗಳನ್ನು ದೊಡ್ಡಿಗೆ ಹಾಕಿ ದಂಡ ಕಟ್ಟಿಸಿಕೊಳ್ಳಲಾಗುತ್ತದೆ, ತಮ್ಮ ಮನೆಯ ಕುರಿಗಳಿಗೂ ಅದೇ ನಿಯಮ. ಬೇಡಿಕೆ ಇಟ್ಟಿದ್ದವರು ಗೊಣಗುತ್ತಲೇ ಎದ್ದರು, ಕುದುರೆ ಬಿಚ್ಚಿದರು, ಮಂದೆಯನ್ನು ಹೊಳೆಯಾಚೆಯ ಹುಲ್ಲಿಗೆ ಯಾರು ಹೊಡೆದುಕೊಂಡು ಹೋಗಬೇಕೆಂದು ಅಲ್ಲೇ ಮಾತಾಡಿಕೊಳ್ಳತೊಡಗಿದರು.